ಅಡಿಕೆ ಮದ್ದಿಗೆ ಒಂದು ಕೆ.ಜಿ. ನಿಂಬೆ: ಕನ್ನಡದ ಉಪಯುಕ್ತ ಬರಹ ಹುಡುಕಿದಾಗ ಸಿಗುವಂತಾಗಲಿ

ಮಾನ್ಯ ಸಂಪಾದಕರೇ,

ಕಳೆದ ಮಳೆಗಾಲ ಹಿಡಿಯುವುದಕ್ಕೆ ಇನ್ನು ನಾಲ್ಕು ದಿನವಿದೆ ಎನ್ನುವಾಗ ನೆರೆಮನೆಯ ಹುಡುಗ ಮೊಬೈಲ್ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದ. ಬೆಂಗಳೂರಿನ ಕೆಲಸ ಬಿಟ್ಟು ತೋಟ ನೋಡಿಕೊಳ್ಳಲೆಂದು ಅವನು ಊರಿಗೆ ಮರಳಿ ಆಗ ಒಂದು ವರ್ಷವೂ ತುಂಬಿರಲಿಲ್ಲ. ತಂದೆಗೆ ಮಂಡಿನೋವು ಹೆಚ್ಚಾಗಿದ್ದರಿಂದ ಅಡಿಕೆಗೆ ಮದ್ದು ಹೊಡೆಸುವ ಜವಾಬ್ದಾರಿ ಅದೇ ಮೊದಲ ಸಲ ಅವನ ಹೆಗಲಿಗೆ ಬಿದ್ದಿತ್ತು. ಮಳೆಗಾಲದ ಕೊಳೆರೋಗ ತಡೆಯಲು ಅಡಿಕೆ ಗೊನೆಗೆ ಹೊಡೆಯುವ ಬೋರ್ಡೋ ದ್ರಾವಣ ತಯಾರಿಸುವ ಕ್ರಮವನ್ನು ಗೂಗಲ್‌ನಲ್ಲಿ ಕನ್ನಡದಲ್ಲೇ ಹುಡುಕಿ, ಎಲ್ಲಕ್ಕಿಂತ ಮೇಲೆ ಸಿಕ್ಕ ಪುಟವನ್ನು ತೆರೆದು ನನ್ನ ಮುಂದೆ ಹಿಡಿದು, "ಮಾವ, ಇಲ್ಲಿ ಒಂದು ಕೆ.ಜಿ. ನಿಂಬೆ ಹಾಕಬೇಕು ಅಂತ ಬರೆದಿದ್ದಾರೆ, ಇದು ಸರಿಯಾ?" ಎಂದು ಕೇಳಿದ.

ನಾನು ಆ ಪುಟವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅಡಿಕೆಯು ನಮ್ಮ ಸಂಸ್ಕೃತಿಯ ಅವಿಭಾಜ್ಯ ಅಂಗವೆಂಬ ಪೀಠಿಕೆಯಿಂದ ಶುರುವಾಗಿ, ಅಡಿಕೆಯ ಮಹತ್ವ, ಅಡಿಕೆಯ ಉಪಯೋಗ, ಅಡಿಕೆ ಬೆಳೆಯುವ ರಾಜ್ಯಗಳು ಎಂದು ಏಳೆಂಟು ಪ್ಯಾರಾ ಸಾಗಿದ ಮೇಲೆ ದ್ರಾವಣದ ಮಾತು ಬಂದಿತ್ತು. ಇಂಗ್ಲಿಷಿನಲ್ಲಿ ಲೈಮ್ ಎಂಬ ಒಂದೇ ಪದಕ್ಕೆ ಸುಣ್ಣವೂ ಅರ್ಥ, ನಿಂಬೆಯೂ ಅರ್ಥ. ಯಾವುದೋ ಇಂಗ್ಲಿಷ್ ಬರಹವನ್ನು ಯಂತ್ರದಿಂದ ಕನ್ನಡಕ್ಕೆ ತಿರುಗಿಸಿದವರು ಅದನ್ನು ಒಮ್ಮೆಯೂ ಓದಿ ನೋಡದೆ ಏರಿಸಿಬಿಟ್ಟಿದ್ದರು. ಸುಣ್ಣ-ತುತ್ತದ ಹೆಸರನ್ನು ಚಿಕ್ಕಂದಿನಿಂದ ಕೇಳಿ ಬೆಳೆದ ಹುಡುಗನಾದ್ದರಿಂದ ಅವನಿಗೆ ಅನುಮಾನ ಬಂತು. ಆದರೆ ಅದೇ ಪುಟದಲ್ಲಿ ಅವನ ಕಣ್ಣಿಗೆ ಬೀಳದ ಇನ್ನೊಂದು ತಪ್ಪೂ ಇತ್ತು. ಯಾವುದನ್ನು ಯಾವುದಕ್ಕೆ ಸುರಿಯಬೇಕೆಂಬ ಕ್ರಮವೇ ಅಲ್ಲಿ ತಲೆಕೆಳಗಾಗಿತ್ತು.

ಶೇ. 1ರ ಬೋರ್ಡೋ ದ್ರಾವಣಕ್ಕೆ ಬೇಕಾಗುವುದು 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ತುತ್ತವನ್ನು 50 ಲೀಟರ್ ನೀರಿನಲ್ಲೂ ಸುಣ್ಣವನ್ನು ಉಳಿದ 50 ಲೀಟರ್ ನೀರಿನಲ್ಲೂ ಬೇರೆ ಬೇರೆಯಾಗಿ ಕರಗಿಸಿ, ಸೋಸಿಕೊಂಡು, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಕಲಕುತ್ತ ಸುರಿಯಬೇಕೇ ಹೊರತು ಸುಣ್ಣದ ನೀರನ್ನು ತುತ್ತದ ನೀರಿಗೆ ಸುರಿಯಬಾರದು. ಕಬ್ಬಿಣದ ಪಾತ್ರೆ ಸಲ್ಲದು, ಪ್ಲಾಸ್ಟಿಕ್ ಡ್ರಮ್ ಆಗುತ್ತದೆ. ಹದ ನೋಡಲು ಹೊಳಪಿರುವ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದರಲ್ಲಿ ಅದ್ದಿ ತೆಗೆಯಬೇಕು. ಅಲಗಿಗೆ ಕೆಂಪು ಲೇಪ ಹತ್ತಿದ್ದರೆ ತುತ್ತ ಹೆಚ್ಚಾಗಿದೆ, ಇನ್ನಷ್ಟು ಸುಣ್ಣದ ನೀರು ಬೇಕು ಎಂದರ್ಥ. ಮಾಡಿದ ದ್ರಾವಣವನ್ನು ಅದೇ ದಿನ ಹೊಡೆದು ಮುಗಿಸಬೇಕು. ಮೊದಲ ಸಿಂಪಡಣೆ ಮಳೆ ಹಿಡಿಯುವ ಮುನ್ನ, ಎರಡನೆಯದು ಅಲ್ಲಿಂದ 40-45 ದಿನಕ್ಕೆ. ಹುಡುಗನಿಗೆ ಬೇಕಾಗಿದ್ದದ್ದು ಇಷ್ಟೇ, ಮತ್ತು ಇಷ್ಟನ್ನು ಹೇಳಲು ಒಂದು ಪ್ಯಾರಾ ಸಾಕಾಯಿತು ಎಂಬುದನ್ನು ತಮ್ಮ ಓದುಗರು ಗಮನಿಸಬೇಕು.

ಈ ತಿಳಿವಳಿಕೆ ಹೊಸದೂ ಅಲ್ಲ, ಗುಟ್ಟಿನದೂ ಅಲ್ಲ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಕೊಳೆರೋಗವನ್ನು ಅಧ್ಯಯನ ಮಾಡಿ, ಬೋರ್ಡೋ ದ್ರಾವಣವನ್ನು ಬೆಳೆಗಾರರಿಗೆ ಪರಿಚಯಿಸಿ ನೂರು ವರ್ಷಗಳೇ ಕಳೆದಿವೆ. ವಿಟ್ಲದ ಸಂಶೋಧನಾ ಕೇಂದ್ರದಲ್ಲಿ ಅಡಿಕೆಯ ಮೇಲೆ ದಶಕಗಳಿಂದ ಕೆಲಸ ನಡೆದಿದೆ. ನಮ್ಮ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಗಳ ತಜ್ಞರು ಹಳ್ಳಿಹಳ್ಳಿಗೆ ಬಂದು ಹೇಳಿಹೋಗುತ್ತಾರೆ. ಇಷ್ಟೆಲ್ಲ ಇದ್ದೂ ಕನ್ನಡದಲ್ಲಿ ಹುಡುಕಿದವನ ಕೈಗೆ ಮೊದಲು ಸಿಕ್ಕಿದ್ದು ನಿಂಬೆಹಣ್ಣಿನ ಪುಟ. ತಿಳಿದವರು ಬರೆದದ್ದು ಸಿಗುವುದಿಲ್ಲ, ಸಿಗುವುದನ್ನು ತಿಳಿದವರು ಬರೆದಿರುವುದಿಲ್ಲ. ಹೀಗೇಕೆ ಆಗುತ್ತಿದೆ ಎಂಬುದನ್ನು ನನ್ನ ಅನುಭವದ ಮಿತಿಯಲ್ಲಿ ತಮ್ಮ ಪತ್ರಿಕೆಯ ಮೂಲಕ ಹೇಳಬೇಕೆನ್ನಿಸಿ ಈ ದೀರ್ಘ ಪತ್ರ ಬರೆಯುತ್ತಿದ್ದೇನೆ. ನಮ್ಮ ಸುತ್ತಿನ ಹತ್ತಾರು ಬೆಳೆಗಾರರು ಸೇರಿ ನಡೆಸುತ್ತಿರುವ ಒಂದು ಸಣ್ಣ ಜಾಲತಾಣದ ಬರವಣಿಗೆಯನ್ನು ಆರು ವರ್ಷಗಳಿಂದ ನೋಡಿಕೊಳ್ಳುತ್ತಿರುವವನು ನಾನು.

ಮೊದಲನೆಯ ಕಾರಣ ತೀರ ಯಾಂತ್ರಿಕವಾದದ್ದು. ಗೂಗಲ್ ಆಗಲಿ ಬೇರೆ ಯಾವುದೇ ಹುಡುಕು ಯಂತ್ರವಾಗಲಿ ಜಾಲತಾಣದಿಂದ ಜಾಲತಾಣಕ್ಕೆ ಕೊಂಡಿ (ಲಿಂಕ್) ಹಿಡಿದು ಸಾಗುತ್ತ, ಪುಟಗಳಲ್ಲಿರುವ ಪಠ್ಯವನ್ನು ಓದಿ, ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂತಹ ಒಂದು ಬೃಹತ್ ಸೂಚಿಯನ್ನು ಮಾಡಿಟ್ಟುಕೊಂಡಿರುತ್ತದೆ. ನಾವು ಹುಡುಕಿದಾಗ ಅದು ನೋಡುವುದು ಆ ಸೂಚಿಯನ್ನೇ. ಸೂಚಿಗೆ ಸೇರದ ಪುಟ ಎಷ್ಟೇ ಅಮೂಲ್ಯವಾಗಿದ್ದರೂ ಹುಡುಕುವವನ ಪಾಲಿಗೆ ಇಲ್ಲದ ಹಾಗೆಯೇ. ನಮ್ಮ ಇಲಾಖೆಗಳ ಸುತ್ತೋಲೆ, ಕರಪತ್ರ, ಕೈಪಿಡಿಗಳಲ್ಲಿ ಬಹುಪಾಲು ಸಹಿ-ಮೊಹರು ಬಿದ್ದ ಕಾಗದವನ್ನು ಓರೆಯಾಗಿ ಸ್ಕ್ಯಾನ್ ಮಾಡಿ ಏರಿಸಿದ ಪಿಡಿಎಫ್‌ಗಳು. ಯಂತ್ರದ ಮಟ್ಟಿಗೆ ಅವು ಫೋಟೋಗಳು. ಫೋಟೋದಿಂದ ಅಕ್ಷರ ಎತ್ತುವ ತಂತ್ರ ಬಂದಿದೆಯಾದರೂ, ಒತ್ತು ದೀರ್ಘಗಳು ಮಸುಕಾಗಿರುವ ಕನ್ನಡದ ಪುಟದ ಮೇಲೆ ಅದನ್ನು ನಂಬಿ ಕೂರುವಂತಿಲ್ಲ. ಇನ್ನು 'ನುಡಿ', 'ಬರಹ' ಎಂಬ ಕನ್ನಡ ಬೆರಳಚ್ಚು ತಂತ್ರಾಂಶಗಳ ಹಳೆಯ ಕಾಲದ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಕಡತಗಳದ್ದು ಇನ್ನೊಂದು ಕಥೆ. ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ರೂಪವನ್ನು ಕೂರಿಸಿದ್ದರಿಂದ ಅವು ನಮ್ಮ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಆ ತಂತ್ರಾಂಶಗಳು ತಮ್ಮ ಕಾಲದಲ್ಲಿ ಕನ್ನಡಕ್ಕೆ ಮಾಡಿದ ಉಪಕಾರ ಬಹಳ ದೊಡ್ಡದು. ಆದರೆ ಪ್ರತಿ ಕನ್ನಡ ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಇದೆ. ಇಷ್ಟು ವರ್ಷಗಳ ನಂತರವೂ ಹಳೆಯ ಸಂಕೇತದಲ್ಲಿ ಹೊಸ ಕಡತ ಹುಟ್ಟುತ್ತಿದ್ದರೆ ಅದಕ್ಕೆ ಅಭ್ಯಾಸಬಲವಲ್ಲದೆ ಬೇರೆ ಕಾರಣ ನನಗೆ ಕಾಣುವುದಿಲ್ಲ.

ಯೂನಿಕೋಡ್ ಬಳಸಿದವರೂ ಎಡವುವ ಒಂದು ಜಾಗವಿದೆ. ನಮ್ಮ ತಾಣದಲ್ಲಿ ತೆಂಗಿನ ಕಾಂಡ ಸೋರುವ ರೋಗದ ಬಗ್ಗೆ ಅನುಭವಿಯೊಬ್ಬರು ಬರೆದ ಒಳ್ಳೆಯ ಲೇಖನವಿತ್ತು. ತಿಂಗಳುಗಟ್ಟಲೆ ಅದನ್ನು ಯಾರೂ ಹುಡುಕಿಕೊಂಡು ಬರಲಿಲ್ಲ. ಗೂಗಲ್ ಹಾಗಿರಲಿ, ಪುಟವನ್ನು ತೆರೆದಿಟ್ಟುಕೊಂಡು ಅದರೊಳಗೇ 'ತೆಂಗು' ಎಂದು ಹುಡುಕಿದರೂ ಒಂದೂ ಸಿಗಲಿಲ್ಲ. ಕಣ್ಣೆದುರಿಗೆ ಹತ್ತು ಕಡೆ ಕಾಣುತ್ತಿರುವ ಪದ ಹುಡುಕಿದರೆ ಇಲ್ಲ! ಒಂದು ಸಂಜೆಯೆಲ್ಲ ತಲೆ ಕೆಡಿಸಿಕೊಂಡ ಮೇಲೆ ತಿಳಿದದ್ದೇನೆಂದರೆ, ಬೆರಳಚ್ಚು ಮಾಡಿದವರು ಅನುಸ್ವಾರದ ಸೊನ್ನೆಯ ಜಾಗದಲ್ಲೆಲ್ಲ ಕನ್ನಡ ಅಂಕಿಯ ಸೊನ್ನೆಯನ್ನು ಒತ್ತಿದ್ದರು. 'ತೆ೦ಗು' ಮತ್ತು 'ತೆಂಗು', 'ಕಾ೦ಡ' ಮತ್ತು 'ಕಾಂಡ' ನೋಡುವುದಕ್ಕೆ ಒಂದೇ. ಆದರೆ ಮೊದಲನೆಯದರಲ್ಲಿ ನಡುವೆ ಕುಳಿತಿರುವುದು ಅಕ್ಷರವಲ್ಲ, ಅಂಕಿ. ಅಷ್ಟನ್ನೂ ತಿದ್ದಿದೆವು. ಕೆಲವು ವಾರಗಳ ನಂತರ ಆ ಲೇಖನಕ್ಕೆ ಓದುಗರು ಬರತೊಡಗಿದರು. ಕನ್ನಡದ ಬಹಳಷ್ಟು ತಾಣಗಳಲ್ಲಿ ಈ ತಪ್ಪನ್ನು ಇಂದಿಗೂ ನೋಡುತ್ತೇನೆ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಕನ್ನಡದಲ್ಲಿ ಬರೆದು ಜಾಲಕ್ಕೆ ಏರಿಸುವವರಿದ್ದರೆ ದಯವಿಟ್ಟು ತಮ್ಮ ಒಂದು ಪುಟವನ್ನು ಹೀಗೆ ಪರೀಕ್ಷಿಸಿ ನೋಡಬೇಕೆಂದು ಕೋರುತ್ತೇನೆ.

ಎರಡನೆಯ ಕಾರಣ ಪದಗಳ ಆಯ್ಕೆ. ಇದರ ಮೇಲೆ ನಾನು ಸ್ವಲ್ಪ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಕನ್ನಡದ ತಜ್ಞರು ಮತ್ತು ಕನ್ನಡದ ಓದುಗರು ಪರಸ್ಪರ ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. 'ಅಡಿಕೆಯಲ್ಲಿ ಹಣ್ಣು ಕೊಳೆ ರೋಗದ ಸಮಗ್ರ ನಿರ್ವಹಣಾ ಕ್ರಮಗಳು' ಎಂಬಂತಹ ಶೀರ್ಷಿಕೆ ಕರಪತ್ರಕ್ಕೆ ಶೋಭಿಸುತ್ತದೆ. ಆದರೆ ಗೊನೆಯಿಂದ ಕಾಯಿ ಉದುರುವುದನ್ನು ಕಂಡು ಗಾಬರಿಯಾದ ಬೆಳೆಗಾರ ಹುಡುಕುವುದು 'ಅಡಿಕೆ ಕೊಳೆ ಮದ್ದು' ಎಂದು. ತಜ್ಞರು ತಾಮ್ರದ ಸಲ್ಫೇಟ್ ಎಂದು ಬರೆಯುತ್ತಾರೆ, ಅಂಗಡಿಯಲ್ಲಿ ಕೇಳುವವನು ಮೈಲುತುತ್ತ ಎನ್ನುತ್ತಾನೆ. ಒಂದೇ ರೋಗಕ್ಕೆ ಕೊಳೆ, ಕೊಳೆರೋಗ, ಮಹಾಳಿ ಎಂದು ಊರಿಗೊಂದು ಹೆಸರಿದೆ. ಮೇಲಾಗಿ ನಮ್ಮ ಭಾಷೆಯಲ್ಲಿ ಪದಕ್ಕೆ ವಿಭಕ್ತಿ ಹತ್ತುತ್ತದೆ, ಸಂಧಿಯಾಗುತ್ತದೆ: ಅಡಿಕೆ, ಅಡಿಕೆಗೆ, ಅಡಿಕೆಯಲ್ಲಿ, ಅಡಿಕೆಮರಕ್ಕೆ. ಹುಡುಕು ಯಂತ್ರಗಳು ಹಿಂದಿಗಿಂತ ಬಹಳ ಜಾಣವಾಗಿರುವುದು ನಿಜ, ಆದರೂ ಕನ್ನಡದ ಎಲ್ಲ ರೂಪಗಳನ್ನೂ ಎಲ್ಲ ಊರಿನ ಹೆಸರುಗಳನ್ನೂ ಒಂದೇ ಎಂದು ಅವು ತಾವಾಗಿಯೇ ತಿಳಿದುಕೊಳ್ಳುತ್ತವೆಂದು ಕೈಕಟ್ಟಿ ಕೂರುವುದು ಸರಿಯಲ್ಲ. ಬೆಳೆಗಾರನ ಪದವನ್ನು ಶೀರ್ಷಿಕೆಯಲ್ಲಿಟ್ಟು, ಶಾಸ್ತ್ರದ ಪದವನ್ನು ಮೊದಲ ಪ್ಯಾರಾದಲ್ಲಿ ತಂದು ಎರಡೂ ಒಂದೇ ಎಂದು ಹೇಳಿಬಿಟ್ಟರೆ ಓದುವವನಿಗೂ ಲಾಭ, ಯಂತ್ರಕ್ಕೂ ಸುಲಭ. ಇದನ್ನು ಯಾರೂ ಭಾಷೆಯ ಮಟ್ಟ ಇಳಿಸಿದ ಹಾಗೆಂದು ಭಾವಿಸಬಾರದು.

ಬೆಳೆಗಾರನ ಪದ ಯಾವುದೆಂದು ತಿಳಿಯುವುದು ಹೇಗೆ ಎಂದರೆ, ಕೇಳಿಸಿಕೊಳ್ಳಬೇಕು. ಸಹಕಾರ ಸಂಘದ ಗೊಬ್ಬರದ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಜನ ಕೇಳುವ ಪ್ರಶ್ನೆಗಳನ್ನು ನಾನೊಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. 'ಮದ್ದು ಹೊಡೆದು ಎರಡು ತಾಸಿಗೆ ಮಳೆ ಬಂದರೆ ಮತ್ತೆ ಹೊಡೆಯಬೇಕಾ?' ಎಂಬ ಪ್ರಶ್ನೆಯನ್ನು ಒಂದೇ ವಾರದಲ್ಲಿ ಐದಾರು ಜನ ಕೇಳಿದರು. ಆ ಪ್ರಶ್ನೆಯನ್ನೇ ಶೀರ್ಷಿಕೆಯನ್ನಾಗಿ ಮಾಡಿ, ದ್ರಾವಣ ಗೊನೆಯ ಮೇಲೆ ಒಣಗಿ ಅಂಟಿಕೊಂಡಿತ್ತೇ ಇಲ್ಲವೇ ಎಂಬುದನ್ನು ನೋಡಬೇಕೆಂಬ ಉತ್ತರವನ್ನು ಮೊದಲ ಸಾಲಿನಲ್ಲೇ ಕೊಟ್ಟು, ಒಣಗಿದ ಗೊನೆ ಮತ್ತು ತೊಳೆದುಹೋದ ಗೊನೆಗಳ ಎರಡು ಫೋಟೋಗಳನ್ನು ನಮ್ಮ ತೋಟದಲ್ಲೇ ತೆಗೆದು ಹಾಕಿದೆವು. ನಮ್ಮ ತಾಣದಲ್ಲಿ ಇಂದಿಗೂ ಅತಿ ಹೆಚ್ಚು ಜನ ಓದುವ ಪುಟ ಅದೇ. ಗೂಗಲ್ ಜಾಲತಾಣದ ಒಡೆಯರಿಗೆ ಉಚಿತವಾಗಿ ಕೊಡುವ ಸರ್ಚ್ ಕನ್ಸೋಲ್ ಎಂಬ ಸಲಕರಣೆಯಲ್ಲಿ ಯಾವ ಯಾವ ಪದಗಳನ್ನು ಹುಡುಕಿದವರು ನಮ್ಮ ಪುಟಕ್ಕೆ ಬಂದರೆಂಬುದು ಕಾಣುತ್ತದೆ. ಅದನ್ನು ತೆರೆದು ನೋಡಿದಾಗ ನನಗೆ ಜನರ ಬಾಯಿಮಾತೇ ಅಲ್ಲಿ ಸಾಲಾಗಿ ನಿಂತಂತೆ ಕಂಡಿತು. ಕನ್ನಡ ಲಿಪಿಯಲ್ಲಿ ಬರೆದವರು, ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದವರು, ಎರಡನ್ನೂ ಬೆರೆಸಿದವರು, ಮೊಬೈಲಿಗೆ ಬಾಯಲ್ಲೇ ಹೇಳಿ ಹುಡುಕಿದ್ದಿರಬಹುದು ಎನ್ನಿಸುವಂತಹ ಉದ್ದುದ್ದ ವಾಕ್ಯಗಳು. ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗುವುದಿಲ್ಲ.

ಇಷ್ಟು ತಿಳಿಯುವ ಮೊದಲು ನಾವೂ ಅಡ್ಡದಾರಿ ಹಿಡಿದಿದ್ದೆವೆಂಬುದನ್ನು ಮುಚ್ಚಿಡುವುದಿಲ್ಲ. ತಾಣ ಶುರುವಾದ ಎರಡನೆಯ ವರ್ಷ ನಗರದ ಒಂದು ಸಂಸ್ಥೆಯವರು ಬಂದು, ನಮ್ಮನ್ನು ಗೂಗಲ್‌ನ ಮೊದಲ ಪುಟಕ್ಕೆ ತರುವುದಾಗಿ ಖಾತ್ರಿ ಕೊಟ್ಟರು. ಸದಸ್ಯರು ತಲಾ ಇಷ್ಟೆಂದು ಹಾಕಿ ಕೂಡಿಸಿದ 18 ಸಾವಿರ ರೂಪಾಯಿಯನ್ನು ಅವರಿಗೆ ಕೊಟ್ಟೆವು. ಅವರು ನಮ್ಮ ಪ್ರತಿ ಲೇಖನದಲ್ಲೂ ನೂರು ಪದಕ್ಕೆ ಇಷ್ಟು ಸಲ 'ಅಡಿಕೆ' ಬರಬೇಕೆಂದು ಲೆಕ್ಕ ಹಾಕಿ ತುರುಕಿದರು. ಓದಿದರೆ ಬಾಯಿ ತಡವರಿಸುವಂತಾಯಿತು. ಸಂಬಂಧವೇ ಇಲ್ಲದ ನೂರಾರು ತಾಣಗಳಿಂದ ನಮ್ಮ ತಾಣಕ್ಕೆ ಕೊಂಡಿ ಕೊಡಿಸಿದರು. ಕೆಲವು ವಾರ ನಾವು ಮೇಲೆ ಕಾಣಿಸಿಕೊಂಡದ್ದೂ ನಿಜ, ಆಮೇಲೆ ಇದ್ದ ಜಾಗವೂ ಹೋಗಿ, ನಮ್ಮ ತಾಣದ ಹೆಸರನ್ನೇ ಕೊಟ್ಟು ಹುಡುಕಿದರೆ ಮಾತ್ರ ಸಿಗುವ ಸ್ಥಿತಿಗೆ ಬಂದೆವು. ದೂರವಾಣಿ ಮಾಡಿದರೆ ಅವರು ಎತ್ತಲಿಲ್ಲ. ಮೊದಲ ಸ್ಥಾನದ ಖಾತ್ರಿಯನ್ನು ಯಾರೂ ಕೊಡಲಾರರೆಂದು ಗೂಗಲ್ ತನ್ನ ಮಾರ್ಗದರ್ಶನದಲ್ಲೇ ಬರೆದಿದೆ ಎಂಬುದನ್ನು ನಾನು ಓದಿದ್ದು ಹಣ ಹೋದ ಮೇಲೆ.

ಆ ಸಂಸ್ಥೆಯವರು ಮಾರಿದ್ದು ಹತ್ತಾರು ವರ್ಷ ಹಳೆಯ ಸರಕು. 1998ರಲ್ಲಿ ಹುಟ್ಟಿದ ಗೂಗಲ್ ಒಂದು ಪುಟಕ್ಕೆ ಬೇರೆ ಪುಟಗಳು ಕೊಡುವ ಕೊಂಡಿಯನ್ನು ಮತದಂತೆ ಎಣಿಸುವ ವಿಚಾರದ ಮೇಲೆ ನಿಂತಿತ್ತಾದ್ದರಿಂದ, ಕೊಂಡಿಗಳನ್ನು ಕೊಳ್ಳುವ ಮಾರುವ ವ್ಯಾಪಾರ ಬಲುಬೇಗ ಬೆಳೆಯಿತು. ಪುಟದ ಒಳಗೆ ಬಚ್ಚಿಡುತ್ತಿದ್ದ ಕೀವರ್ಡ್ (ಹುಡುಕುವ ಪದಗಳ) ಪಟ್ಟಿಯನ್ನು ತಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವೆಂದು ಗೂಗಲ್ 2009ರಲ್ಲಿ ಸ್ಪಷ್ಟಪಡಿಸಿತು. ರಾಶಿರಾಶಿಯಾಗಿ ಜೊಳ್ಳು ಬರಹ ತಯಾರಿಸುವ ತಾಣಗಳನ್ನು ಕೆಳಗಿಳಿಸಲು 2011ರಲ್ಲಿ ಪಾಂಡಾ, ಕೊಂಡುತಂದ ಕೊಂಡಿಗಳ ವಿರುದ್ಧ 2012ರಲ್ಲಿ ಪೆಂಗ್ವಿನ್ ಎಂಬ ಬದಲಾವಣೆಗಳು ಗೂಗಲ್‌ನ ಲೆಕ್ಕಾಚಾರದಲ್ಲಿ ಬಂದವು. 2022ರ ಆಗಸ್ಟ್‌ನಲ್ಲಿ ಬಂದ ಬದಲಾವಣೆಗಂತೂ 'ಉಪಯುಕ್ತ ಬರಹ' ಎಂದೇ ಹೆಸರು. ಮೊದಲು ಇಂಗ್ಲಿಷಿಗಷ್ಟೇ ಇದ್ದ ಅದನ್ನು ಅದೇ ಡಿಸೆಂಬರ್‌ನಲ್ಲಿ ಎಲ್ಲ ಭಾಷೆಗಳಿಗೂ ವಿಸ್ತರಿಸಲಾಯಿತು. 2024ರ ಮಾರ್ಚ್‌ನಲ್ಲಿ ಅದು ಮೂಲ ವ್ಯವಸ್ಥೆಯೊಳಗೇ ಸೇರಿಹೋಯಿತು. ಮನುಷ್ಯ ಬರೆದನೋ ಯಂತ್ರ ಬರೆಯಿತೋ ಎಂಬುದಕ್ಕಿಂತ, ಹುಡುಕುವವರನ್ನು ಸೆಳೆಯುವುದಕ್ಕೆಂದೇ ಸತ್ವವಿಲ್ಲದ ಪುಟಗಳನ್ನು ರಾಶಿ ಹಾಕುವುದು ತಪ್ಪು ಎಂಬ ನಿಯಮವೂ ಆಗಲೇ ಬಂತು.

ಹುಡುಕಾಟದ ಫಲಿತಾಂಶ ಚೆನ್ನಾಗಿದೆಯೇ ಎಂದು ತೂಗಿ ನೋಡುವವರಿಗಾಗಿ ಗೂಗಲ್ ಬರೆದಿಟ್ಟಿರುವ ಕೈಪಿಡಿಯಲ್ಲಿ ನಾಲ್ಕು ಅಳತೆಗೋಲುಗಳಿವೆ: ಬರೆದವರ ಅನುಭವ, ಅವರ ಪರಿಣತಿ, ಆ ವಿಷಯದಲ್ಲಿ ಅವರ ಮಾತಿಗಿರುವ ಮನ್ನಣೆ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ನಂಬಿಕೆ. ಇವುಗಳಲ್ಲಿ ಅನುಭವವನ್ನು ಸೇರಿಸಿದ್ದು 2022ರ ಡಿಸೆಂಬರ್‌ನಲ್ಲಿ. ಅಂದರೆ, ಕೆಲಸವನ್ನು ಕೈಯಾರೆ ಮಾಡಿದವರ ಬರಹಕ್ಕೆ ತನ್ನದೇ ಬೆಲೆಯುಂಟು ಎಂಬುದನ್ನು ಅಮೆರಿಕದ ಆ ಕಂಪನಿ ಒಪ್ಪಿಕೊಂಡಿತು. ನಮ್ಮ ಕರಾವಳಿಯ ಪುತ್ತೂರಿನಲ್ಲಿ 1988ರಲ್ಲಿ ಆರಂಭವಾದ 'ಅಡಿಕೆ ಪತ್ರಿಕೆ' 'ಕೃಷಿಕರ ಕೈಗೆ ಲೇಖನಿ' ಎಂಬ ಮಾತನ್ನಿಟ್ಟುಕೊಂಡೇ ಬೆಳೆಯಿತು. ತೋಟದಲ್ಲಿ ನಿಂತವನೇ ಬರೆಯಬೇಕು, ಬರೆದದ್ದು ಇನ್ನೊಬ್ಬನ ತೋಟದಲ್ಲಿ ಕೆಲಸಕ್ಕೆ ಬರಬೇಕು ಎಂಬ ಅರಿವು ಕನ್ನಡದಲ್ಲಿ ಆಗಲೇ ಇತ್ತು. ಆ ಅರಿವನ್ನು ಕಾಗದದಿಂದ ಜಾಲಕ್ಕೆ ತರುವುದರಲ್ಲಿ ನಾವು ಹಿಂದೆ ಬಿದ್ದೆವು ಎಂಬುದು ನನ್ನ ಕೊರಗು.

ಈ ನಿಯಮಗಳೆಲ್ಲ ಇದ್ದೂ ನಿಂಬೆಹಣ್ಣಿನ ಪುಟ ಮೇಲೆ ಬಂದದ್ದು ಹೇಗೆಂದು ಯಾರಾದರೂ ಕೇಳಬಹುದು. ನನಗೆ ತೋಚುವ ಉತ್ತರ ಇದು. ಇಂಗ್ಲಿಷಿನಲ್ಲಿ ಒಂದು ಪ್ರಶ್ನೆಗೆ ಸಾವಿರ ಪುಟಗಳು ಸ್ಪರ್ಧಿಸುತ್ತವೆ, ಅವುಗಳಲ್ಲಿ ಜೊಳ್ಳನ್ನು ತೂರಿ ಗಟ್ಟಿಯನ್ನು ಉಳಿಸಿಕೊಳ್ಳಲು ಯಂತ್ರಕ್ಕೆ ಅವಕಾಶವಿದೆ. 2011ರ ಜನಗಣತಿಯ ಪ್ರಕಾರವೇ 4.37 ಕೋಟಿ ಜನರ ತಾಯ್ನುಡಿಯಾದ ಕನ್ನಡದಲ್ಲಿ ಅದೇ ಪ್ರಶ್ನೆಗೆ ಬೆರಳೆಣಿಕೆಯ ಪುಟಗಳು ಮಾತ್ರ ಸೂಚಿಯಲ್ಲಿದ್ದರೆ, ಇದ್ದುದರಲ್ಲೇ ಒಂದನ್ನು ಅದು ಮೇಲಿಡಬೇಕಾಗುತ್ತದೆ. ತೂರುವುದಕ್ಕೆ ಮೊದಲು ಕಣದಲ್ಲಿ ಕಾಳು ಇರಬೇಕಲ್ಲವೇ? ಕನ್ನಡದಲ್ಲಿ ಮೇಲೆ ಬರುವುದು ಕಷ್ಟವೆಂದು ನಮ್ಮವರು ಹೇಳುವುದನ್ನು ಕೇಳಿದ್ದೇನೆ. ನನ್ನ ಅನುಭವ ಇದಕ್ಕೆ ವಿರುದ್ಧವಾಗಿದೆ. ಒಂದು ಪ್ರಶ್ನೆಗೆ ನೇರವಾದ, ಸರಿಯಾದ, ಯೂನಿಕೋಡ್ ಪಠ್ಯದಲ್ಲಿರುವ ಒಂದೇ ಒಂದು ಒಳ್ಳೆಯ ಕನ್ನಡ ಪುಟವಿದ್ದರೆ, ಅದು ಹಣ ಸುರಿಯದೆಯೂ ಮೇಲೆ ಬಂದು ವರ್ಷಗಟ್ಟಲೆ ಅಲ್ಲಿಯೇ ನಿಲ್ಲುವುದನ್ನು ನಾನು ಕಂಡಿದ್ದೇನೆ.

ಸರ್ಕಾರಿ ಯೋಜನೆಗಳ ವಿಷಯದಲ್ಲಿ ಪರಿಸ್ಥಿತಿ ಕೃಷಿಗಿಂತ ಕೆಟ್ಟದಾಗಿದೆ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಜಾರಿಯಾದಂದಿನಿಂದ, ತಿಂಗಳಿಗೆ 2,000 ರೂಪಾಯಿಯ ಕಂತು ಯಾವಾಗ ಬರುತ್ತದೆಂದು ಹುಡುಕುವ ಹೆಣ್ಣುಮಕ್ಕಳನ್ನೇ ಗುರಿಯಾಗಿಟ್ಟುಕೊಂಡ ಪುಟಗಳು ದಿನಕ್ಕೊಂದು ಹುಟ್ಟುತ್ತಿವೆ. ಶೀರ್ಷಿಕೆಯಲ್ಲಿ 'ಬಿಗ್ ಅಪ್ಡೇಟ್', 'ಈಗಷ್ಟೇ ಬಂದ ಸುದ್ದಿ'. ಒಳಗೆ ಯೋಜನೆ ಎಂದರೇನು, ಅದರ ಉದ್ದೇಶವೇನು ಎಂಬ ಹಳೆಯ ಮಾತುಗಳ ನಡುನಡುವೆ ನಾಲ್ಕು ಜಾಹೀರಾತು. ಕೊನೆಯ ಸಾಲಿನಲ್ಲಿ 'ಶೀಘ್ರದಲ್ಲೇ ಜಮೆಯಾಗುವ ನಿರೀಕ್ಷೆಯಿದೆ'. ದಿನಾಂಕವಿಲ್ಲ, ಬರೆದವರ ಹೆಸರಿಲ್ಲ, ಯಾವ ಆದೇಶದ ಆಧಾರವೆಂಬುದಿಲ್ಲ. ನಮ್ಮ ಮನೆಗೆ ಕೆಲಸಕ್ಕೆ ಬರುವ ತಾಯಿಯೊಬ್ಬರು ಇಂತಹ ಒಂದು ಪುಟವನ್ನು ಮಗಳಿಂದ ಓದಿಸಿಕೊಂಡು, ಅದರಲ್ಲಿ ಹೇಳಿದಂತೆ ಮತ್ತೆ ಅರ್ಜಿ ಕೊಡಬೇಕೆಂದು ನಂಬಿ, ಒಂದು ದಿನದ ಕೂಲಿ ಬಿಟ್ಟು ತಾಲ್ಲೂಕು ಕೇಂದ್ರಕ್ಕೆ ಹೋಗಿ ಬರಿಗೈಯಲ್ಲಿ ಮರಳಿದರು. ಹಣ ಮತ್ತು ಆರೋಗ್ಯದ ವಿಷಯದ ಬರಹಗಳನ್ನು ಉಳಿದವುಗಳಿಗಿಂತ ಕಠಿಣವಾಗಿ ತೂಗಬೇಕೆಂದು ಮೇಲೆ ಹೇಳಿದ ಕೈಪಿಡಿಯೇ ಹೇಳುತ್ತದೆ. ಯಂತ್ರ ತೂಗುವ ಮೊದಲು ಬರೆಯುವವರು ತೂಗಿದ್ದರೆ ಆ ತಾಯಿಯ ಕೂಲಿ ಉಳಿಯುತ್ತಿತ್ತು.

ತಮ್ಮ ಪತ್ರಿಕೆಯನ್ನೂ ಸೇರಿಸಿ ಎಲ್ಲ ಕನ್ನಡ ಪತ್ರಿಕೆಗಳಲ್ಲಿ ನನ್ನದೊಂದು ಕಳಕಳಿಯ ಮನವಿಯಿದೆ. ಕೃಷಿ, ಆರೋಗ್ಯ, ಕಾನೂನು, ಶಿಕ್ಷಣ ಪುರವಣಿಗಳಲ್ಲಿ ದಶಕಗಳಿಂದ ಪ್ರಕಟವಾದ ಲೇಖನಗಳು ಈ ನಾಡಿನ ಆಸ್ತಿ. ಪತ್ರಿಕೆ ಎಂದರೆ ಬರೆದವರ ಹೆಸರಿದೆ, ತಿದ್ದಿದ ಸಂಪಾದಕರಿದ್ದಾರೆ, ತಪ್ಪಾದರೆ ಮರುದಿನ ತಿದ್ದುಪಡಿ ಬರುತ್ತದೆ. ನಂಬಿಕೆ ಎಂಬ ಆ ಅಳತೆಗೋಲಿಗೆ ಪತ್ರಿಕೆಗಳಷ್ಟು ಚೆನ್ನಾಗಿ ಒದಗಬಲ್ಲವರು ವಿರಳ. ಅಂತಹ ಲೇಖನಗಳನ್ನು ಪುಟದ ಚಿತ್ರವಾಗಿ ಅಲ್ಲದೆ ಪಠ್ಯವಾಗಿ, ಮೊದಲು ಪ್ರಕಟವಾದ ದಿನಾಂಕದೊಂದಿಗೆ ಜಾಲದಲ್ಲಿ ಇಡಬೇಕು. ವಿಷಯದಲ್ಲಿ ಬದಲಾವಣೆ ಇಲ್ಲದೆ ದಿನಾಂಕವನ್ನು ಮಾತ್ರ ಹೊಸದು ಮಾಡುವ ಅಭ್ಯಾಸ ಕೆಲವು ತಾಣಗಳಲ್ಲಿ ಕಾಣುತ್ತಿದೆ, ಅದು ನಿಲ್ಲಬೇಕು. ಜಾಹೀರಾತು ಪತ್ರಿಕೆಯ ಅನ್ನವೆಂದು ಬಲ್ಲೆ. ಆದರೆ ನಮ್ಮ ಊರಿನಂತೆ ಅಂಗಳದ ಮೂಲೆಯಲ್ಲಿ ನಿಂತರೆ ಮಾತ್ರ ಸಿಗ್ನಲ್ ಸಿಗುವ ಕಡೆ ಪುಟ ಪೂರ್ತಿ ತೆರೆಯುವ ಮೊದಲೇ ಪರದೆಯನ್ನೆಲ್ಲ ಜಾಹೀರಾತು ಮುಚ್ಚಿಕೊಂಡರೆ, ಓದುಗ ಹಿಂದಿರುಗಿ ಬೇರೆ ಪುಟಕ್ಕೆ ಹೋಗುತ್ತಾನೆ. ಆ ಬೇರೆ ಪುಟ ಯಾವುದೆಂಬುದನ್ನು ಮೇಲೆ ಹೇಳಿದ್ದೇನೆ.

ಇಲಾಖೆಗಳವರಿಗೆ ಹೇಳುವುದು ಹೆಚ್ಚಿಲ್ಲ. ಸಹಿಯಾದ ಪ್ರತಿಯನ್ನು ಸ್ಕ್ಯಾನ್ ಮಾಡಿ ಹಾಕುವುದು ಕಾನೂನಿನ ಅಗತ್ಯವಾಗಿದ್ದರೆ ಹಾಕಲಿ, ಅದರ ಪಕ್ಕದಲ್ಲೇ ಅದೇ ಮಾತುಗಳನ್ನು ಯೂನಿಕೋಡ್ ಪಠ್ಯವಾಗಿಯೂ ಕೊಡಲಿ. ಬೆರಳಚ್ಚಾದ ಮೂಲ ಕಡತ ಹೇಗೂ ಅವರ ಗಣಕದಲ್ಲಿ ಇರುತ್ತದೆ. ತಜ್ಞರು ಹಳ್ಳಿಗೆ ಬಂದು ಹೇಳುವ ಮಾತನ್ನು ಹೇಳಿದ ಹಾಗೆಯೇ ಬರೆದು, ಕೆಳಗೆ ತಮ್ಮ ಹೆಸರನ್ನೂ ಹುದ್ದೆಯನ್ನೂ ದಿನಾಂಕವನ್ನೂ ಹಾಕಲಿ. ಮೂವತ್ತು ಪುಟಗಳ ಕೈಪಿಡಿಯನ್ನು ಒಂದೇ ಕಡತವಾಗಿ ಏರಿಸುವ ಬದಲು ಒಂದೊಂದು ರೋಗಕ್ಕೆ, ಒಂದೊಂದು ಪ್ರಶ್ನೆಗೆ ಒಂದೊಂದು ಪುಟ ಮಾಡಿದರೆ ಹುಡುಕುವವನು ನೇರವಾಗಿ ತನ್ನ ಉತ್ತರದ ಮುಂದೆಯೇ ಬಂದು ನಿಲ್ಲುತ್ತಾನೆ. 2003ರಿಂದ ನಡೆಯುತ್ತಿರುವ ಕನ್ನಡ ವಿಕಿಪೀಡಿಯವನ್ನು ಸ್ವಯಂಸೇವಕರು ಯಾವ ಪ್ರತಿಫಲವೂ ಇಲ್ಲದೆ ಬೆಳೆಸುತ್ತಿದ್ದಾರೆ. ಸಂಬಳ ಪಡೆಯುವ ತಜ್ಞರಿರುವ ಸಂಸ್ಥೆಗಳಿಗೆ ಇದು ಆಗದ ಕೆಲಸವೇನಲ್ಲ.

ಈ ವರ್ಷ ಮೊದಲ ಮದ್ದು ಹೊಡೆಯುವ ಕಾಲ ಮೇ ಕೊನೆಯ ವಾರಕ್ಕೆ ಬರುತ್ತದೆ. ಹುಡುಕು ಯಂತ್ರ ಹೊಸ ಪುಟವೊಂದನ್ನು ಕಂಡು, ಸೂಚಿಗೆ ಸೇರಿಸಿಕೊಂಡು, ಅದಕ್ಕೊಂದು ಜಾಗ ಕೊಡುವುದಕ್ಕೆ ಕೆಲವು ವಾರಗಳಾದರೂ ಬೇಕಾಗಬಹುದು. ಆದ್ದರಿಂದ ಕೊಳೆರೋಗದ ಬಗೆಗಿನ ಈ ಸಾಲಿನ ಸಲಹೆಗಳನ್ನು ಸಂಬಂಧಪಟ್ಟವರು ಕರಪತ್ರ ಅಚ್ಚಾಗುವವರೆಗೆ ಕಾಯದೆ, ಏಪ್ರಿಲ್ ಮುಗಿಯುವುದರೊಳಗೆ ಜಾಲದಲ್ಲಿ ಪಠ್ಯರೂಪದಲ್ಲಿ ಪ್ರಕಟಿಸಬೇಕೆಂದೂ, ಶೀರ್ಷಿಕೆಯಲ್ಲಿ 'ಅಡಿಕೆ ಕೊಳೆರೋಗಕ್ಕೆ ಮದ್ದು' ಎಂಬ ಪದಗಳು ಇರುವಂತೆ ನೋಡಿಕೊಳ್ಳಬೇಕೆಂದೂ ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ಬೋರ್ಡೋ ದ್ರಾವಣದ ಪುಟವನ್ನು ನೆರೆಮನೆಯ ಹುಡುಗನೇ ನಮ್ಮ ತಾಣಕ್ಕಾಗಿ ಈ ಬಾರಿ ಬರೆಯುತ್ತಿದ್ದಾನೆ. ಕತ್ತಿಯ ಅಲಗಿಗೆ ಕೆಂಪು ಹತ್ತಿದ್ದು ಹೇಗೆ ಕಾಣುತ್ತದೆಂಬ ಫೋಟೋ ಬೇಕೆಂದು, ಸುಣ್ಣವನ್ನು ಬೇಕೆಂದೇ ಕಡಿಮೆ ಹಾಕಿ ನಿನ್ನೆ ಒಂದು ಬಕೆಟ್ ದ್ರಾವಣ ಮಾಡಿ ತೋರಿಸಿದ.

ಇಂತಿ,
ತಮ್ಮ ಪತ್ರಿಕೆಯ ಓದುಗ,
ಓರ್ವ ಅಡಿಕೆ ಬೆಳೆಗಾರ,
ಶಿರಸಿ ತಾಲ್ಲೂಕು, ಉತ್ತರ ಕನ್ನಡ